ಹದಿಹರೆಯದ ಮಕ್ಕಳ ಊಟ ಮತ್ತು ಮೈತೂಕ

ಯಾವ ಬೆಳೆಗೆ ಯಾವ ಹಂತದಲ್ಲಿ ನೀರು, ಗೊಬ್ಬರ ಕೊಡಬೇಕೆಂಬುದು ರೈತರಿಗೆ ಚೆನ್ನಾಗಿ ತಿಳಿದ ವಿಷಯ. ರಾಗಿ ತೆಂಡೆ ಒಡೆಯುವಾಗ ಮತ್ತು ಹೂವಾಡುವಾಗ ತೇವ ಸಾಲದೆ ಹೋದರೆ, ಆಮೇಲೆ ಎಷ್ಟು ಮಳೆ ಬಂದರೂ ಕಳೆದುಹೋದ ಇಳುವರಿ ಪೂರ್ತಿಯಾಗಿ ಮರಳುವುದಿಲ್ಲ. ಮಕ್ಕಳ ಬೆಳವಣಿಗೆಯಲ್ಲಿಯೂ ಇಂತಹ ಹಂತವೊಂದಿದೆ. ಅದೇ 10ರಿಂದ 19 ವರ್ಷದವರೆಗಿನ ಹದಿಹರೆಯ. ಈ ಕಾಲದಲ್ಲಿ ಮಕ್ಕಳಿಗೆ ಏನು ಉಣಬಡಿಸಲಾಗುತ್ತದೆ, ಎಷ್ಟು ಉಣಬಡಿಸಲಾಗುತ್ತದೆ ಎಂಬುದರ ಮೇಲೆ ಅವರ ಮುಂದಿನ ಆರೋಗ್ಯ ನಿಂತಿದೆ.

ಮನುಷ್ಯನ ಪೂರ್ಣ ಎತ್ತರದ ಸುಮಾರು ಶೇಕಡಾ 15ರಿಂದ 20ರಷ್ಟು ಮತ್ತು ಪೂರ್ಣ ತೂಕದ ಹೆಚ್ಚುಕಡಿಮೆ ಅರ್ಧದಷ್ಟು ಈ ವಯಸ್ಸಿನಲ್ಲಿ ಕೂಡಿ ಬರುತ್ತದೆ. ಎಲುಬು ಗಟ್ಟಿಯಾಗುವುದೂ ಈಗಲೇ. ಹುಡುಗಿಯರು ಸಾಮಾನ್ಯವಾಗಿ 10ರಿಂದ 13 ವರ್ಷದೊಳಗೆ, ಹುಡುಗರು 12ರಿಂದ 15 ವರ್ಷದೊಳಗೆ ವೇಗವಾಗಿ ಎತ್ತರ ಬೆಳೆಯುತ್ತಾರೆ. ಹುಡುಗಿ ಮೈನೆರೆದ ಮೇಲೆ ಇನ್ನು ಕೆಲವೇ ಸೆಂಟಿಮೀಟರ್ ಮಾತ್ರ ಬೆಳೆಯುತ್ತಾಳೆ. ಆದುದರಿಂದ "ಮದುವೆಯಾದ ಮೇಲೆ ತಾನೇ ಸರಿಹೋಗುತ್ತಾಳೆ" ಎಂದು ಸುಮ್ಮನಿರುವುದು ಸರಿಯಲ್ಲ. ಸರಿಪಡಿಸುವ ಕಾಲ ಅಷ್ಟರಲ್ಲಿ ಮೀರಿರುತ್ತದೆ.

ಈಗಿರುವ ಪರಿಸ್ಥಿತಿ

2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 19 ವರ್ಷದ ಮಕ್ಕಳಲ್ಲಿ ಶೇಕಡಾ 24ರಷ್ಟು ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದೆ ಸೊರಗಿದ್ದರು. ಶೇಕಡಾ 5ರಷ್ಟು ಮಂದಿ ಮಿತಿಮೀರಿದ ತೂಕದವರಾಗಿದ್ದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59.1, ಹುಡುಗರಲ್ಲಿ ಶೇಕಡಾ 31.1 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಅದೇ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 24, ಗಂಡಸರಲ್ಲಿ ಸುಮಾರು ಶೇಕಡಾ 23 ಮಂದಿ ಇರಬೇಕಾದುದಕ್ಕಿಂತ ಹೆಚ್ಚು ತೂಕವಿದ್ದರು.

ಸೊರಗುವುದು ಬಡವರ ರೋಗ, ದಪ್ಪಗಾಗುವುದು ಪಟ್ಟಣದ ಶ್ರೀಮಂತರ ರೋಗ ಎಂಬ ಹಳೆಯ ತಿಳಿವಳಿಕೆ ಈಗ ಹೊಂದುವುದಿಲ್ಲ. ಹಳ್ಳಿಯ ಒಂದೇ ಮನೆಯಲ್ಲಿ ಅಕ್ಕ ಸೊರಗಿದ್ದು ತಮ್ಮ ದಪ್ಪಗಿರುವುದು ಅಪರೂಪವಲ್ಲ. ಇಬ್ಬರ ತೊಂದರೆಗೂ ಬೇರು ಹೆಚ್ಚಾಗಿ ಒಂದೇ: ಬೆಳಗ್ಗೆ ಹೊಟ್ಟೆ ಖಾಲಿ, ಮಧ್ಯಾಹ್ನ ಸಿಕ್ಕಿದ್ದು, ಸಂಜೆ ಅಂಗಡಿಯ ಕುರುಕಲು, ರಾತ್ರಿ ಒಂದು ರಾಶಿ ಅನ್ನ. ಇಂತಹ ಊಟದಲ್ಲಿ ಕೆಲವರಿಗೆ ಹೊಟ್ಟೆ ತುಂಬುವುದಿಲ್ಲ, ಕೆಲವರಿಗೆ ಕೊಬ್ಬು ಸೇರುತ್ತದೆ. ಸಸಾರಜನಕ, ಸುಣ್ಣ, ಕಬ್ಬಿಣಗಳು ಇಬ್ಬರಿಗೂ ಸಾಲುವುದಿಲ್ಲ.

ತೂಕ ಸರಿಯಿದೆಯೇ ಎಂದು ತಿಳಿಯುವ ಬಗೆ

ಬೆಳೆಯುವ ಮಕ್ಕಳ ತೂಕವನ್ನು ತಕ್ಕಡಿಯೊಂದರಿಂದಲೇ ನಿರ್ಧರಿಸಲಾಗದು. ವಯಸ್ಸು ಮತ್ತು ಎತ್ತರವನ್ನು ಕೂಡಿಸಿ ನೋಡಬೇಕು. ಇದಕ್ಕೆ ಬಳಸುವ ಲೆಕ್ಕ ಸುಲಭವಾದುದು. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಾರಿ ಭಾಗಿಸಬೇಕು. ಬಂದ ಸಂಖ್ಯೆಗೆ ದೇಹತೂಕ ಸೂಚ್ಯಂಕವೆಂದು ಹೆಸರು.

ಉದಾಹರಣೆಗೆ, 14 ವರ್ಷದ ಹುಡುಗಿಯ ಎತ್ತರ 1.50 ಮೀಟರ್, ತೂಕ 34 ಕಿ.ಗ್ರಾಂ. ಎಂದಿಟ್ಟುಕೊಂಡರೆ, 34ನ್ನು 1.50ರಿಂದ ಭಾಗಿಸಿ, ಬಂದುದನ್ನು ಮತ್ತೆ 1.50ರಿಂದ ಭಾಗಿಸಿದಾಗ 15.1 ಬರುತ್ತದೆ. ಅದೇ ಎತ್ತರದ ಇನ್ನೊಬ್ಬಳ ತೂಕ 42 ಕಿ.ಗ್ರಾಂ. ಆಗಿದ್ದರೆ ಸೂಚ್ಯಂಕ 18.7.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ಪಟ್ಟಿಯಂತೆ ಆಯಾ ವಯಸ್ಸು ತುಂಬಿದಾಗ ಸೂಚ್ಯಂಕ ಈ ಮಿತಿಗಳ ನಡುವೆ ಇರಬೇಕು:

10 ವರ್ಷ: ಹುಡುಗಿಗೆ 13.5ರಿಂದ 19.0, ಹುಡುಗನಿಗೆ 13.7ರಿಂದ 18.5
12 ವರ್ಷ: ಹುಡುಗಿಗೆ 14.4ರಿಂದ 20.8, ಹುಡುಗನಿಗೆ 14.5ರಿಂದ 19.9
14 ವರ್ಷ: ಹುಡುಗಿಗೆ 15.4ರಿಂದ 22.7, ಹುಡುಗನಿಗೆ 15.5ರಿಂದ 21.8
16 ವರ್ಷ: ಹುಡುಗಿಗೆ 16.2ರಿಂದ 24.1, ಹುಡುಗನಿಗೆ 16.5ರಿಂದ 23.5
18 ವರ್ಷ: ಹುಡುಗಿಗೆ 16.4ರಿಂದ 24.8, ಹುಡುಗನಿಗೆ 17.3ರಿಂದ 24.9

ಕೆಳಗಿನ ಮಿತಿಗಿಂತ ಕಡಿಮೆ ಬಂದರೆ ಮಗು ಸೊರಗಿದೆ ಎಂದೂ, ಮೇಲಿನ ಮಿತಿಗಿಂತ ಹೆಚ್ಚು ಬಂದರೆ ತೂಕ ಹೆಚ್ಚಾಗಿದೆ ಎಂದೂ ತಿಳಿಯಬೇಕು. ಮೇಲಿನ ಇಬ್ಬರು ಹುಡುಗಿಯರಲ್ಲಿ ಮೊದಲನೆಯವಳು ಸೊರಗಿದವಳು, ಎರಡನೆಯವಳು ಸರಿಯಾಗಿರುವವಳು. ಭಾರತೀಯರ ಮೈಯಲ್ಲಿ, ಅದರಲ್ಲೂ ಹೊಟ್ಟೆಯ ಸುತ್ತ, ಕೊಬ್ಬು ಬೇಗ ಸೇರುವುದರಿಂದ ನಮ್ಮ ದೇಶದ ಮಕ್ಕಳ ತಜ್ಞರು 2015ರ ತಮ್ಮ ಪಟ್ಟಿಯಲ್ಲಿ ಮೇಲಿನ ಮಿತಿಯನ್ನು ಇನ್ನೂ ಸ್ವಲ್ಪ ಕೆಳಗೆ ಇಟ್ಟಿದ್ದಾರೆ. ಆದುದರಿಂದ ಸೂಚ್ಯಂಕ ಮೇಲಿನ ಮಿತಿಯ ಹತ್ತಿರ ಬಂದಾಗಲೇ ಎಚ್ಚರ ವಹಿಸುವುದು ಒಳ್ಳೆಯದು.

ಅಳೆಯುವಾಗ ಚಪ್ಪಲಿ ಕಳಚಿಸಿ, ಗೋಡೆಗೆ ಹಿಮ್ಮಡಿ ತಾಗುವಂತೆ ನಿಲ್ಲಿಸಬೇಕು. ಮೂರು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ ಸಾಕು. ದಿನದಿನವೂ ತೂಗುವುದರಿಂದ ಪ್ರಯೋಜನವಿಲ್ಲ. ಮೈನೆರೆಯುವ ಕಾಲದಲ್ಲಿ ಹುಡುಗಿಯರ ಸೊಂಟ, ತೊಡೆಗಳಲ್ಲಿ ಸ್ವಲ್ಪ ಕೊಬ್ಬು ಸೇರುವುದು ಸಹಜ. ಹಾಗೆಯೇ ಕೆಲವು ಹುಡುಗರು ಎತ್ತರ ಬೆಳೆಯುವ ಮುನ್ನ ತುಸು ದುಂಡಗಾಗುತ್ತಾರೆ. ಇದನ್ನು ಕಂಡು ಗಾಬರಿಪಡಬೇಕಾಗಿಲ್ಲ.

ಎಷ್ಟು ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಗೊತ್ತುಪಡಿಸಿದಂತೆ ದಿನವೊಂದಕ್ಕೆ ಬೇಕಾಗುವ ಪೋಷಕಾಂಶಗಳು ಹೀಗಿವೆ:

13ರಿಂದ 15 ವರ್ಷದ ಹುಡುಗಿ: 2400 ಕ್ಯಾಲೊರಿ, ಸಸಾರಜನಕ 43 ಗ್ರಾಂ, ಸುಣ್ಣ 1000 ಮಿ.ಗ್ರಾಂ, ಕಬ್ಬಿಣ 30 ಮಿ.ಗ್ರಾಂ
13ರಿಂದ 15 ವರ್ಷದ ಹುಡುಗ: 2860 ಕ್ಯಾಲೊರಿ, ಸಸಾರಜನಕ 45 ಗ್ರಾಂ, ಸುಣ್ಣ 1000 ಮಿ.ಗ್ರಾಂ, ಕಬ್ಬಿಣ 22 ಮಿ.ಗ್ರಾಂ
16ರಿಂದ 18 ವರ್ಷದ ಹುಡುಗಿ: 2500 ಕ್ಯಾಲೊರಿ, ಸಸಾರಜನಕ 46 ಗ್ರಾಂ, ಸುಣ್ಣ 1050 ಮಿ.ಗ್ರಾಂ, ಕಬ್ಬಿಣ 32 ಮಿ.ಗ್ರಾಂ
16ರಿಂದ 18 ವರ್ಷದ ಹುಡುಗ: 3320 ಕ್ಯಾಲೊರಿ, ಸಸಾರಜನಕ 55 ಗ್ರಾಂ, ಸುಣ್ಣ 1050 ಮಿ.ಗ್ರಾಂ, ಕಬ್ಬಿಣ 26 ಮಿ.ಗ್ರಾಂ

ಈ ಪಟ್ಟಿಯಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಹುಡುಗಿಗೆ ಹುಡುಗನಿಗಿಂತ ಹೆಚ್ಚು ಕಬ್ಬಿಣ ಬೇಕು. ಮುಟ್ಟಿನಲ್ಲಿ ತಿಂಗಳು ತಿಂಗಳೂ ರಕ್ತ ಹೋಗುವುದೇ ಇದಕ್ಕೆ ಕಾರಣ. ಎರಡನೆಯದಾಗಿ, 16ರಿಂದ 18 ವರ್ಷದಲ್ಲಿ ಅಗತ್ಯ ಎಲ್ಲಕ್ಕಿಂತ ಹೆಚ್ಚು. ಆದರೆ ಸರ್ಕಾರಿ ಶಾಲೆಯ ಮಧ್ಯಾಹ್ನದ ಬಿಸಿಯೂಟ, ಹಾಲು, ಮೊಟ್ಟೆಗಳು ದೊರೆಯುವುದು ಹತ್ತನೆಯ ತರಗತಿಯವರೆಗೆ ಮಾತ್ರ. ಅಂದರೆ ಮೈ ಹೆಚ್ಚು ಕೇಳುವ ವೇಳೆಗೆ ಸರಿಯಾಗಿ ಶಾಲೆಯ ಊಟ ನಿಲ್ಲುತ್ತದೆ. ಪದವಿಪೂರ್ವ ತರಗತಿಗೆ ಸೇರಿದ ಮಗ ಅಥವಾ ಮಗಳು ಬೆಳಗಿನ ಬಸ್ಸು ಹಿಡಿದು ಪಟ್ಟಣಕ್ಕೆ ಹೋಗಿ ಸಂಜೆ ಹಿಂದಿರುಗುತ್ತಾರೆ. ಆ ಎಂಟು ಹತ್ತು ಗಂಟೆಗಳ ಅವಧಿಯನ್ನು ತುಂಬಬೇಕಾದ್ದು ಮನೆಯ ಬುತ್ತಿ. ಬುತ್ತಿಯಿಲ್ಲದಿದ್ದರೆ ಆ ಜಾಗವನ್ನು ಬಸ್ ನಿಲ್ದಾಣದ ಅಂಗಡಿ ತುಂಬುತ್ತದೆ.

ಮನೆಯಲ್ಲೇ ಇದ್ದು ತಟ್ಟೆಗೆ ಬಾರದ ಆಹಾರ

ರೈತರ ಮನೆಯ ಮಕ್ಕಳು ಪೋಷಣೆ ಸಾಲದೆ ಸೊರಗುವುದು ವಿಚಿತ್ರವೆನಿಸಿದರೂ ನಿಜ. ಹಾಲು ಬೆಳಗಿನಲ್ಲೇ ಡೇರಿಗೆ ಹೋಗುತ್ತದೆ. ಕಡಲೆಕಾಯಿ, ಅವರೆ, ಹೆಸರು, ತೊಗರಿ ಕಣದಿಂದಲೇ ಮಾರುಕಟ್ಟೆಗೆ ಹೋಗುತ್ತವೆ. ಮೊಟ್ಟೆ ಸಂತೆಗೆ ಹೋಗುತ್ತದೆ. ಬಂದ ಹಣದಲ್ಲಿ ಒಂದು ಪಾಲು ಬಿಸ್ಕತ್ತು, ಚಿಪ್ಸ್, ನೂಡಲ್ಸ್ ರೂಪದಲ್ಲಿ ಮನೆಗೆ ಹಿಂದಿರುಗುತ್ತದೆ. ಪಡಿತರದ ಅಕ್ಕಿ ಸುಲಭವಾಗಿ ಸಿಗುವುದರಿಂದ ಮೂರು ಹೊತ್ತೂ ಅನ್ನವೇ ಆಗಿ, ರಾಗಿ ಮುದ್ದೆ, ಜೋಳದ ರೊಟ್ಟಿಗಳು ಹಿರಿಯರ ಊಟವೆಂಬ ಭಾವನೆ ಮಕ್ಕಳಲ್ಲಿ ಬೆಳೆದಿದೆ.

ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ರಾಗಿಯ ಇಳುವರಿ ಬಹಳ ಹೆಚ್ಚಿತು. ಹೆಚ್ಚಿದ ರಾಗಿ ಬೆಳೆಯುವ ಮಕ್ಕಳ ತಟ್ಟೆಗೂ ಬರಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಸುಣ್ಣವಿದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿ.ಗ್ರಾಂ ಮಾತ್ರ. ದಿನಕ್ಕೆ 150 ಗ್ರಾಂ ರಾಗಿ ಹಿಟ್ಟು ಮತ್ತು 300 ಮಿ.ಲೀ. ಹಾಲು ಅಥವಾ ಮೊಸರು ಕೊಟ್ಟರೆ 850 ಮಿ.ಗ್ರಾಂಗೂ ಹೆಚ್ಚು ಸುಣ್ಣ ದೊರೆಯುತ್ತದೆ. ಉಳಿದುದನ್ನು ಸೊಪ್ಪು, ಕಾಳು, ಎಳ್ಳು ಒದಗಿಸುತ್ತವೆ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿ, ಒಣಗಿಸಿ ಹಿಟ್ಟು ಮಾಡಿಸಿದರೆ ಅದರಲ್ಲಿರುವ ಸುಣ್ಣ, ಕಬ್ಬಿಣಗಳು ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತವೆ.

ಬೀಜದ ಪಾಲಿನಂತೆ ಮಕ್ಕಳ ಪಾಲು

ಎಂತಹ ಕಷ್ಟದ ವರ್ಷದಲ್ಲಿಯೂ ರೈತರು ಬಿತ್ತನೆ ಬೀಜವನ್ನು ಮಾರುವುದಿಲ್ಲ. ಕಣದಲ್ಲಿಯೇ ಅದನ್ನು ಬೇರೆ ತೆಗೆದಿಡುತ್ತಾರೆ. ಮಕ್ಕಳ ಊಟಕ್ಕೆ ಬೇಕಾದುದನ್ನೂ ಹೀಗೆಯೇ ಮೊದಲು ತೆಗೆದಿಟ್ಟು, ಮಿಕ್ಕುದನ್ನು ಮಾರುವ ಪದ್ಧತಿ ಬರಬೇಕು. ಇಬ್ಬರು ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಒಂದು ವರ್ಷಕ್ಕೆ ಬೇಕಾಗುವ ಪಾಲು ಹೀಗಿದೆ:

1. ರಾಗಿ: ಒಬ್ಬರಿಗೆ ದಿನಕ್ಕೆ 150 ಗ್ರಾಂನಂತೆ ಸುಮಾರು 110 ಕಿ.ಗ್ರಾಂ. ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಪಾಲನ್ನು ಜೋಳ, ಸಜ್ಜೆಗಳಲ್ಲಿ ತೆಗೆದಿಡಬಹುದು. ಆದರೆ ಇವುಗಳಲ್ಲಿ ರಾಗಿಯಷ್ಟು ಸುಣ್ಣವಿಲ್ಲದ ಕಾರಣ ಹಾಲು, ಮೊಸರು, ಸೊಪ್ಪುಗಳನ್ನು ಹೆಚ್ಚಾಗಿ ಕೊಡಬೇಕು.

2. ಬೇಳೆಕಾಳುಗಳು: ಒಬ್ಬರಿಗೆ ದಿನಕ್ಕೆ 80 ಗ್ರಾಂನಂತೆ ಸುಮಾರು 60 ಕಿ.ಗ್ರಾಂ. ತೊಗರಿ, ಅವರೆ, ಅಲಸಂದೆ, ಹೆಸರು, ಹುರುಳಿ, ಕಡಲೆ ಯಾವುದಾದರೂ ಆಗಬಹುದು. ಬೆರೆಸಿ ಬಳಸಿದರೆ ಇನ್ನೂ ಮೇಲು. ಹುರುಳಿ ದನಕ್ಕೆ ಮಾತ್ರ ಎಂದು ಕಡೆಗಣಿಸಬಾರದು. ಅದರಲ್ಲಿ ಶೇಕಡಾ 22ರಷ್ಟು ಸಸಾರಜನಕವಿದೆ.

3. ಕಡಲೆಕಾಯಿ: ಒಬ್ಬರಿಗೆ ದಿನಕ್ಕೆ ಒಂದು ಹಿಡಿ, ಅಂದರೆ 30 ಗ್ರಾಂ ಬೀಜದಂತೆ ಸುಮಾರು 22 ಕಿ.ಗ್ರಾಂ. ಸಿಪ್ಪೆ ಸಹಿತ ಕಾಯಿಯ ಲೆಕ್ಕದಲ್ಲಿ 30 ಕಿ.ಗ್ರಾಂಗೂ ಸ್ವಲ್ಪ ಹೆಚ್ಚು. ಕಾಯಿಯನ್ನು ಚೆನ್ನಾಗಿ ಒಣಗಿಸಿಡಬೇಕು. ಬೂಷ್ಟು ಹಿಡಿದ ಬೀಜದಲ್ಲಿ ವಿಷವಿರುವುದರಿಂದ ಅದನ್ನು ಆರಿಸಿ ಎಸೆಯಬೇಕು.

4. ಹಾಲು: ಇಬ್ಬರಿಗೆ ಸೇರಿ ದಿನಕ್ಕೆ 600 ಮಿ.ಲೀ. ಕ್ಯಾನು ಡೇರಿಗೆ ಹೊರಡುವ ಮುನ್ನ ಇದನ್ನು ಅಳೆದು ತೆಗೆದಿಡಬೇಕು.

ಇದರಿಂದ ದೊರೆಯುವ ಸಸಾರಜನಕವನ್ನು ಲೆಕ್ಕ ಹಾಕಬಹುದು. 150 ಗ್ರಾಂ ರಾಗಿಯಿಂದ 11 ಗ್ರಾಂ, 200 ಗ್ರಾಂ ಅಕ್ಕಿಯಿಂದ ಸುಮಾರು 14 ಗ್ರಾಂ, 80 ಗ್ರಾಂ ಬೇಳೆಕಾಳಿನಿಂದ 17 ಗ್ರಾಂ, ಒಂದು ಹಿಡಿ ಕಡಲೆಕಾಯಿಯಿಂದ 7 ಗ್ರಾಂ, ಹಾಲಿನಿಂದ 9 ಗ್ರಾಂ, ಒಟ್ಟು 58 ಗ್ರಾಂ. 17 ವರ್ಷದ ಹುಡುಗನಿಗೆ ಬೇಕಾದುದು 55 ಗ್ರಾಂ. ಮೈ ಬೆಳೆಸಲೆಂದು ಹುಡುಗರು ಡಬ್ಬಿಯ ಪುಡಿಗಳಿಗೆ ಸುರಿಯುವ ಹಣ ಅನಗತ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಗಳಲ್ಲಿ ಇದು ಇನ್ನೂ ಸುಲಭ.

ಸೊಪ್ಪು, ತರಕಾರಿ, ಹಣ್ಣಿಗೆ ಕೈತೋಟವೇ ಆಧಾರ. ಬಚ್ಚಲ ನೀರು ಹರಿಯುವ ಕಡೆ ಎರಡು ಪರಂಗಿ, ಬೇಲಿಯ ಬದಿಯಲ್ಲಿ ಒಂದು ನುಗ್ಗೆ, ಒಂದು ಸೀಬೆ, ಒಂದು ನಿಂಬೆ, ನಡುವೆ ದಂಟು, ಮೆಂತ್ಯ, ಪಾಲಕ್ ಮಡಿಗಳಿದ್ದರೆ ವರ್ಷದ ಹೆಚ್ಚಿನ ಕಾಲ ಕೊಂಡು ತರುವ ಅಗತ್ಯ ಬೀಳುವುದಿಲ್ಲ.

ಬೆಳಗಿನ ಊಟ ತಪ್ಪಿಸಬಾರದು

ರಾತ್ರಿ ಊಟ ಮಾಡಿದ ಮಗು ಬೆಳಗ್ಗೆ ಏನೂ ತಿನ್ನದೆ ಹೊರಟರೆ ಮಧ್ಯಾಹ್ನದವರೆಗೆ ಹದಿನಾರು ಗಂಟೆಗಳ ಉಪವಾಸವಾಗುತ್ತದೆ. ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ. ಹಸಿವು ತಡೆಯಲಾರದೆ ಸಂಜೆ ಕೈಗೆ ಸಿಕ್ಕಿದ್ದನ್ನು ಮಿತಿಮೀರಿ ತಿನ್ನುವುದೂ ಇದರಿಂದಲೇ. ಅಡಿಗೆಗೆ ಹೊತ್ತಾಗಲಿಲ್ಲ ಎಂಬುದು ಸಾಮಾನ್ಯವಾಗಿ ಕೇಳಿಬರುವ ಕಾರಣ. ಹೊಲದ ಕೆಲಸ, ಹಾಲು ಕರೆಯುವುದು, ನೀರು ತುಂಬುವುದು ಎಲ್ಲವೂ ತಾಯಿಯ ಮೇಲೆ ಬಿದ್ದರೆ ಹೊತ್ತು ಸಾಲುವುದಿಲ್ಲ ನಿಜ. ಮನೆಯ ಗಂಡಸರೂ ಮಕ್ಕಳೂ ಕೆಲಸ ಹಂಚಿಕೊಳ್ಳಬೇಕು. ರಾತ್ರಿಯೇ ಅಂಬಲಿ ಕಾಸಿಟ್ಟು ಬೆಳಗ್ಗೆ ಮಜ್ಜಿಗೆ ಬೆರೆಸಿ ಕೊಡಬಹುದು. ಹುರಿಹಿಟ್ಟಿಗೆ ಹಾಲು, ಬೆಲ್ಲ ಕಲಸಿ ಕೊಡಲು ಐದು ನಿಮಿಷ ಸಾಕು.

ಒಂದು ದಿನದ ಊಟದ ಮಾದರಿ

ಬೆಳಗ್ಗೆ: ರಾಗಿ ರೊಟ್ಟಿ ಅಥವಾ ದೋಸೆ, ಕಡಲೆಕಾಯಿ ಚಟ್ನಿ, ಒಂದು ಲೋಟ ಹಾಲು.
ಬುತ್ತಿಗೆ: ಸೊಪ್ಪು ಅಥವಾ ಕಾಳು ಹಾಕಿದ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಒಂದು ಸೀಬೆ ಅಥವಾ ಬಾಳೆಹಣ್ಣು. ತಿನ್ನುವವರಿಗೆ ಒಂದು ಬೇಯಿಸಿದ ಮೊಟ್ಟೆ.
ಸಂಜೆ: ಬೇಯಿಸಿದ ಕಡಲೆಕಾಯಿ, ಹುರಿಗಡಲೆ, ಕಾಳಿನ ಉಸಲಿ, ಎಳ್ಳುಂಡೆ ಇವುಗಳಲ್ಲಿ ಒಂದು. ಜೊತೆಗೆ ಮಜ್ಜಿಗೆ.
ರಾತ್ರಿ: ಮುದ್ದೆ, ಬಸ್ಸಾರು ಅಥವಾ ಮಸ್ಸೊಪ್ಪು, ಸ್ವಲ್ಪ ಅನ್ನ, ಮೊಸರು.

ಉತ್ತರದ ಜಿಲ್ಲೆಗಳಲ್ಲಿ ಜೋಳದ ರೊಟ್ಟಿ, ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ, ಶೇಂಗಾ ಇಲ್ಲವೆ ಗುರೆಳ್ಳಿನ ಹಿಂಡಿ, ಹಸಿ ಮೂಲಂಗಿ, ಮೆಂತ್ಯದ ಸೊಪ್ಪು, ಮೊಸರು ಇದ್ದರೆ ಅದು ಯಾವ ಪಟ್ಟಣದ ಊಟಕ್ಕೂ ಕಡಿಮೆಯಲ್ಲ. ಕರಾವಳಿಯಲ್ಲಿ ಕುಸುಬಲಕ್ಕಿ ಗಂಜಿಯೊಡನೆ ಹೆಸರು ಅಥವಾ ಹುರುಳಿ, ಬಸಳೆ, ಮೀನು ಸೇರಬೇಕು. ಪ್ರಮಾಣವನ್ನು ಮಗುವಿನ ಹಸಿವು, ವಯಸ್ಸು ಮತ್ತು ಕೆಲಸಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಹೆಣ್ಣುಮಕ್ಕಳ ತಟ್ಟೆ

ಹಲವು ಮನೆಗಳಲ್ಲಿ ಗಂಡಸರು, ಗಂಡುಮಕ್ಕಳು ಉಂಡ ಮೇಲೆ ಹೆಂಗಸರು ಉಣ್ಣುವ ರೂಢಿಯಿದೆ. ಅಷ್ಟರಲ್ಲಿ ಸಾರಿನ ಕಾಳು, ಪಲ್ಯ, ಮೊಟ್ಟೆ ತೀರಿ ಅನ್ನ ಮತ್ತು ತಿಳಿಸಾರು ಉಳಿದಿರುತ್ತದೆ. ಹೆಚ್ಚು ಕಬ್ಬಿಣ ಬೇಕಾದವಳಿಗೆ ಕಡಿಮೆ ದೊರೆಯುವುದು ಹೀಗೆ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು, ಇಲ್ಲವೇ ಪಲ್ಯ, ಕಾಳುಗಳನ್ನು ಮೊದಲೇ ಪಾಲು ಮಾಡಿಡುವುದು ಇದಕ್ಕೆ ಪರಿಹಾರ.

ಮಗಳು ಮೈನೆರೆದಾಗ ಚಿಗಳಿ, ಕೊಬ್ಬರಿ, ಬೆಲ್ಲ ತಿನ್ನಿಸಿ ಉಪಚರಿಸುವ ಪದ್ಧತಿ ನಮ್ಮಲ್ಲಿದೆ. ಬೆಳೆಯುವ ಮೈಗೆ ಪುಷ್ಟಿ ಬೇಕೆಂಬ ತಿಳಿವಳಿಕೆ ಹಿರಿಯರಿಗೂ ಇತ್ತೆಂಬುದಕ್ಕೆ ಇದು ಸಾಕ್ಷಿ. ಆದರೆ ಆ ಉಪಚಾರ ಕೆಲವು ದಿನಗಳಿಗೆ ಮುಗಿಯಬಾರದು. ಮುಟ್ಟಿನ ದಿನಗಳಲ್ಲಿ ಹಾಲು, ಮೊಸರು, ಪರಂಗಿ, ಮೊಟ್ಟೆ ಕೊಡಬಾರದೆಂಬ ನಂಬಿಕೆಗೆ ಆಧಾರವಿಲ್ಲ. ಸೊರಗಿದ, ರಕ್ತವಿಲ್ಲದ ಹುಡುಗಿ ಮುಂದೆ ತಾಯಿಯಾದಾಗ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚು. ಹೀಗೆ ಒಂದು ತಲೆಮಾರಿನ ಕೊರತೆ ಇನ್ನೊಂದು ತಲೆಮಾರಿಗೆ ದಾಟುತ್ತದೆ.

ರಕ್ತಹೀನತೆಯಿದ್ದರೆ ಬೇಗ ಸುಸ್ತು, ಏದುಸಿರು, ತಲೆಸುತ್ತು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಮತ್ತು ನಾಲಗೆ ಬಿಳಿಚಿಕೊಳ್ಳುವುದು ಕಂಡುಬರುತ್ತದೆ. ಮೈ ತುಂಬಿಕೊಂಡಿರುವ ಮಕ್ಕಳಲ್ಲಿಯೂ ಇದು ಇರಬಹುದು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ಮೈಗೆ ಹತ್ತಲು ಸಿ ಜೀವಸತ್ವ ನೆರವಾಗುತ್ತದೆ. ಊಟದೊಡನೆ ನಿಂಬೆರಸ, ನೆಲ್ಲಿಕಾಯಿ, ಸೀಬೆ ಇರಬೇಕು. ಚಹಾ, ಕಾಫಿ ಇದಕ್ಕೆ ಅಡ್ಡಿ ಮಾಡುವುದರಿಂದ ಊಟದ ಮುಂಚೆ ಮತ್ತು ಆಮೇಲೆ ಒಂದು ಗಂಟೆ ಕಾಲ ಅವನ್ನು ಕುಡಿಯಬಾರದು.

ದಿನಕ್ಕೆ 30 ಮಿ.ಗ್ರಾಂ ಕಬ್ಬಿಣವನ್ನು ಊಟದಿಂದಲೇ ತುಂಬುವುದು ಕಷ್ಟವಾದುದರಿಂದ ಶಾಲೆ ಮತ್ತು ಅಂಗನವಾಡಿಗಳಲ್ಲಿ ವಾರಕ್ಕೊಮ್ಮೆ ಕಬ್ಬಿಣದ ನೀಲಿ ಗುಳಿಗೆಯನ್ನು ಉಚಿತವಾಗಿ ಕೊಡುವ ಕಾರ್ಯಕ್ರಮವಿದೆ. ಗುಳಿಗೆಯನ್ನು ಊಟವಾದ ಮೇಲೆ ನುಂಗಬೇಕು. ಮಲ ಕಪ್ಪಗಾದರೆ ಹೆದರಬೇಕಿಲ್ಲ. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಕೊಡುವ ಗುಳಿಗೆಯನ್ನೂ ತಪ್ಪಿಸಬಾರದು. ಬರಿಗಾಲಿನಲ್ಲಿ ಹೊಲದಲ್ಲಿ ಓಡಾಡುವವರಿಗೆ ಕೊಕ್ಕೆಹುಳುವಿನ ಬಾಧೆ ಸುಲಭವಾಗಿ ತಗಲುತ್ತದೆ. ಚಪ್ಪಲಿ ಮತ್ತು ಶೌಚಾಲಯದ ಬಳಕೆ ಇದನ್ನು ತಡೆಯುತ್ತದೆ.

ಅಂಗಡಿಯ ತಿಂಡಿ

ಚಿಪ್ಸಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಎಣ್ಣೆಯೇ ಇರುತ್ತದೆ. 250 ಮಿ.ಲೀ. ತಂಪು ಪಾನೀಯದಲ್ಲಿ ಸುಮಾರು 25 ಗ್ರಾಂ, ಅಂದರೆ ಐದು ಚಮಚ ಸಕ್ಕರೆಯಿರುತ್ತದೆ. ಇವು ಹಸಿವನ್ನು ಕೊಲ್ಲುತ್ತವೆ, ಮೈಗೆ ಬೇಕಾದುದನ್ನು ಕೊಡುವುದಿಲ್ಲ. ಸೊರಗಿದ ಮಗು ಇದನ್ನು ತಿಂದು ಊಟ ಬಿಡುತ್ತದೆ. ದಪ್ಪಗಿರುವ ಮಗು ಊಟವನ್ನೂ ಮಾಡಿ ಇದನ್ನೂ ತಿನ್ನುತ್ತದೆ. ಪೂರ್ತಿ ನಿಷೇಧ ಹಾಕಿದರೆ ಮಕ್ಕಳು ಕದ್ದು ತಿನ್ನುತ್ತಾರೆ. ಜಾತ್ರೆ, ಸಂತೆಯ ದಿನಕ್ಕೆ ಇದನ್ನು ಮೀಸಲಿಟ್ಟು, ದಿನನಿತ್ಯ ಸಂಜೆ ಮನೆಗೆ ಬರುವ ಹೊತ್ತಿಗೆ ಉಸಲಿಯೋ ಕಡಲೆಕಾಯಿಯೋ ಸಿದ್ಧವಿದ್ದರೆ ಅಂಗಡಿಯ ಸೆಳೆತ ತಾನಾಗಿ ಕಡಿಮೆಯಾಗುತ್ತದೆ.

ತೂಕ ಹೆಚ್ಚಿರುವ ಮಕ್ಕಳಿಗೆ

ಬೆಳೆಯುವ ಮಕ್ಕಳನ್ನು ಉಪವಾಸ ಕೆಡವಿ ತೂಕ ಇಳಿಸಬಾರದು. ಹಾಗೆ ಮಾಡಿದರೆ ಎತ್ತರ ಕುಂಠಿತವಾಗುತ್ತದೆ. ತೂಕದ ಏರಿಕೆಯನ್ನು ನಿಧಾನಗೊಳಿಸಿದರೆ ಸಾಕು, ಎತ್ತರ ಉಳಿದುದನ್ನು ಸರಿಪಡಿಸುತ್ತದೆ. 14 ವರ್ಷದ ಹುಡುಗನೊಬ್ಬನ ಎತ್ತರ 1.55 ಮೀಟರ್, ತೂಕ 56 ಕಿ.ಗ್ರಾಂ. ಇದ್ದರೆ ಸೂಚ್ಯಂಕ 23.3. ಇದು ಅವನ ವಯಸ್ಸಿನ ಮಿತಿಯಾದ 21.8ನ್ನು ಮೀರಿದೆ. ಎರಡು ವರ್ಷಗಳಲ್ಲಿ ಅವನು 1.65 ಮೀಟರ್ ಬೆಳೆದು, ತೂಕ 58 ಕಿ.ಗ್ರಾಂ.ಗೆ ನಿಂತರೆ ಸೂಚ್ಯಂಕ 21.3ಕ್ಕೆ ಇಳಿಯುತ್ತದೆ. 16 ವರ್ಷಕ್ಕೆ ಮಿತಿ 23.5. ಒಂದು ಕಿಲೋ ಕೂಡ ಇಳಿಸದೆಯೇ ಅವನು ಸರಿಯಾದ ತೂಕಕ್ಕೆ ಬಂದಂತಾಯಿತು.

ಇದಕ್ಕಾಗಿ ಸಿಹಿ ಪಾನೀಯ, ಕರಿದ ತಿಂಡಿ ಕಡಿಮೆ ಮಾಡಿ, ಅನ್ನದ ಒಂದು ಪಾಲಿನ ಬದಲು ಕಾಳು, ತರಕಾರಿ ಹೆಚ್ಚಿಸಬೇಕು. ದಿನಕ್ಕೆ ಕನಿಷ್ಠ ಒಂದು ಗಂಟೆ ಮೈ ಬೆವರುವಂತೆ ಆಟ, ಓಟ, ಸೈಕಲ್ ಸವಾರಿ ಅಥವಾ ಹೊಲದ ಕೆಲಸ ಇರಬೇಕು. ಟ್ರ್ಯಾಕ್ಟರು, ಬೈಕುಗಳು ಬಂದ ಮೇಲೆ ರೈತರ ಮಕ್ಕಳ ಮೈಗೂ ಮೊದಲಿನಷ್ಟು ಕೆಲಸವಿಲ್ಲ ಎಂಬುದನ್ನು ಮರೆಯಬಾರದು. ಮೊಬೈಲ್ ಫೋನು ನೋಡುತ್ತ ಉಣ್ಣುವವರಿಗೆ ಎಷ್ಟು ಉಂಡೆವೆಂಬುದೇ ತಿಳಿಯುವುದಿಲ್ಲ. ರಾತ್ರಿ 8ರಿಂದ 10 ಗಂಟೆ ನಿದ್ದೆ ಈ ವಯಸ್ಸಿಗೆ ಅಗತ್ಯ.

ಸೊರಗಿದ ಮಕ್ಕಳಿಗೆ ಎಣ್ಣೆ ತಿಂಡಿಯಿಂದ ಮೈ ತುಂಬಿಸಲು ಹೋಗಬಾರದು. ಊಟಗಳ ನಡುವೆ ಒಂದು ಕಡಲೆಕಾಯಿ ಉಂಡೆ, ಒಂದು ಲೋಟ ರಾಗಿ ಮಾಲ್ಟ್, ಮಲಗುವ ಮುನ್ನ ಹಾಲು ಸೇರಿಸಿದರೆ ನಿಧಾನವಾಗಿ ಗಟ್ಟಿ ಮೈ ಬರುತ್ತದೆ.

"ಡುಮ್ಮಿ", "ಕಡ್ಡಿ" ಎಂದು ಅಡ್ಡಹೆಸರಿಟ್ಟು ಕರೆಯುವುದು ತಮಾಷೆಯಲ್ಲ. ಇಂತಹ ಮಾತಿಗೆ ನೊಂದು ಗುಟ್ಟಾಗಿ ಊಟ ಬಿಡುವ ಹುಡುಗಿಯರಿದ್ದಾರೆ. ತಂದೆತಾಯಿಗಳು ತೂಕದ ಮಾತನ್ನು ಕಡಿಮೆ ಮಾಡಿ, ಮನೆಯವರೆಲ್ಲರ ಊಟವನ್ನು ಒಟ್ಟಿಗೆ ಸರಿಪಡಿಸಬೇಕು. ದಪ್ಪಗಿರುವ ಮಗುವಿಗೆ ಮಾತ್ರ ಬೇರೆ ಊಟ ಹಾಕಿದರೆ ಅದು ಶಿಕ್ಷೆಯಾಗುತ್ತದೆ.

ವೈದ್ಯರಿಗೆ ಯಾವಾಗ ತೋರಿಸಬೇಕು?

ಕಾರಣವಿಲ್ಲದೆ ತೂಕ ಬೇಗನೆ ಇಳಿದರೆ, ವಿಪರೀತ ಬಾಯಾರಿಕೆ ಮತ್ತು ಪದೇ ಪದೇ ಮೂತ್ರ ವಿಸರ್ಜನೆಯಿದ್ದರೆ, ಎರಡು ವಾರ ಮೀರಿದ ಕೆಮ್ಮಿದ್ದರೆ, ಮೂರು ತಿಂಗಳು ಮುಟ್ಟು ನಿಂತರೆ, ಉಂಡದ್ದನ್ನು ಬೇಕೆಂದೇ ವಾಂತಿ ಮಾಡುವುದು ಅಥವಾ ಊಟವನ್ನೇ ಬಿಡುವುದು ಕಂಡರೆ, ಕತ್ತಿನ ಹಿಂದೆ ಚರ್ಮ ದಪ್ಪಗಾಗಿ ಕಪ್ಪಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ತೂಕ ಇಳಿಸುವ ಅಥವಾ ಏರಿಸುವ ಪುಡಿ, ಗುಳಿಗೆಗಳನ್ನು ಜಾಹೀರಾತು ನೋಡಿ ಕೊಳ್ಳಬಾರದು.

ವಿಸ್ತರಣಾ ಕಾರ್ಯಕರ್ತರು ಮಾಡಬಹುದಾದ ಕೆಲಸ

1. ಯುವಕ ಮಂಡಲ, ಸ್ವಸಹಾಯ ಸಂಘಗಳ ಸಭೆಯಲ್ಲಿ ಮಕ್ಕಳ ಪಾಲಿನ ಲೆಕ್ಕವನ್ನು ಆಯಾ ಊರಿನ ಬೆಳೆಗಳಿಗೆ ಹೊಂದಿಸಿ ಹಾಕಿ ತೋರಿಸಬೇಕು. ಇದಕ್ಕೆ ಸುಗ್ಗಿಗೆ ಮುಂಚಿನ ತಿಂಗಳು ಸೂಕ್ತ. ಮಾರಾಟವಾದ ಮೇಲೆ ಹೇಳಿ ಪ್ರಯೋಜನವಿಲ್ಲ.

2. ಬೆಳೆ ಯೋಜನೆ ಹಾಕುವಾಗ ರಾಗಿಯ ಸಾಲಿನಲ್ಲಿ ಅವರೆ, ತೊಗರಿ ಅಕ್ಕಡಿಯಾಗಿ ಬಿತ್ತುವಂತೆ, ಬದುವಿನಲ್ಲಿ ನುಗ್ಗೆ ಹಾಕುವಂತೆ ಸಲಹೆ ಕೊಡಬೇಕು.

3. ಶಾಲೆಯಲ್ಲಿ ಎತ್ತರ, ತೂಕ ಅಳೆಯುವಾಗ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕರೆದು ಅಳೆಯಬೇಕು. ಎಲ್ಲರೆದುರು ತೂಕ ಕೂಗಿ ಹೇಳಬಾರದು.

4. ಶಾಲೆಯ ಸೌಲಭ್ಯಗಳನ್ನು ತಿಳಿಸಬೇಕು. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು, ಬಿಸಿಯೂಟ, 2024ರಲ್ಲಿ ವಾರಕ್ಕೆ ಆರು ದಿನಕ್ಕೆ ವಿಸ್ತರಿಸಿದ ಮೊಟ್ಟೆ ಇವು ಮನೆಯ ಊಟಕ್ಕೆ ಪೂರಕವೇ ಹೊರತು ಬದಲಿಯಲ್ಲ. ಹೆಚ್ಚಿನ ಸಲಹೆ ಬೇಕಾದ ಮಕ್ಕಳನ್ನು ಆಶಾ ಕಾರ್ಯಕರ್ತೆಯ ಮೂಲಕ ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ಗೆ ಕಳುಹಿಸಬಹುದು.

5. ಶಾಲೆ ಬಿಟ್ಟ ಹುಡುಗಿಯರನ್ನೂ, ಪಟ್ಟಣದ ಕಾಲೇಜಿಗೆ ಹೋಗುವ ಮಕ್ಕಳನ್ನೂ ವಿಶೇಷವಾಗಿ ಗಮನಿಸಬೇಕು. ಯಾವ ಪಟ್ಟಿಗೂ ಸೇರದೆ ಉಳಿಯುವವರು ಇವರೇ.

ಹದಿಹರೆಯದ ಕೆಲವೇ ವರ್ಷಗಳಲ್ಲಿ ಮಾಡಿದ ಊಟ ಜೀವಮಾನದ ಬಂಡವಾಳ. ಅದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಬೆಳೆದದ್ದರಲ್ಲಿ ಮೊದಲ ಪಾಲು ಮನೆಯ ಮಕ್ಕಳಿಗೆ ಉಳಿಯಬೇಕು, ಬೆಳಗಿನ ಊಟ ಮತ್ತು ಬುತ್ತಿ ತಪ್ಪಬಾರದು, ಮಗ ಮಗಳ ತಟ್ಟೆಯಲ್ಲಿ ಭೇದವಿರಬಾರದು. ಈ ಮೂರನ್ನು ಪಾಲಿಸಿದ ಮನೆಯಲ್ಲಿ ಸೊರಗಿದ ಮಗುವೂ ದಪ್ಪಗಾದ ಮಗುವೂ ಒಂದೇ ತಟ್ಟೆಯ ಊಟದಿಂದ ಸರಿಯಾದ ತೂಕದ ಕಡೆಗೆ ಬರಲು ಸಾಧ್ಯ. ಈ ಸುಗ್ಗಿಯ ರಾಶಿಯನ್ನು ಅಳೆಯುವಾಗ ಬೀಜದ ಮೂಟೆಯ ಪಕ್ಕದಲ್ಲಿ ಮಕ್ಕಳ ಮೂಟೆಯನ್ನೂ ಕಟ್ಟಿಡಬೇಕು.